ಬಹಿಷ್ಕಾರ ಮತ್ತು ಬಂದೂಕು: ಒಂದು ವಿಮರ್ಶೆ

ಗ್ರಾಹಕರ ಬಹಿಷ್ಕಾರಕ್ಕೆ ಮಣಿದು ಅಮೆರಿಕದ ಸ್ಟಾರ್‌ಬಕ್ಸ್ ಸಂಸ್ಥೆಯು ತನ್ನ ಕಾಫಿಯಂಗಡಿಗಳಲ್ಲಿ ಬಂದೂಕನ್ನು ನಿಷೇಧಿಸಿತೆಂಬ ಮಾತನ್ನು ನಾವು ಒಪ್ಪಲಾರೆವು. ಅದು ನಿಷೇಧವೇ ಅಲ್ಲ. 2013ರ ಸೆಪ್ಟೆಂಬರ್ 17ರ ಬಹಿರಂಗ ಪತ್ರದಲ್ಲಿ ಮುಖ್ಯಾಧಿಕಾರಿ ಹೊವಾರ್ಡ್ ಶುಲ್ಟ್ಸ್ ಮಾಡಿದ್ದು ಕೇವಲ ವಿನಂತಿ. ಅದನ್ನು ಮೀರಿ ಆಯುಧಸಹಿತನಾಗಿ ಬಂದವನಿಗೂ ಕಾಫಿ ದೊರೆಯತಕ್ಕದ್ದೇ ಆಗಿತ್ತು.

ಇನ್ನು ಬಹಿಷ್ಕಾರದ ಬಲ. 2012ರ ಫೆಬ್ರವರಿ 14ರಂದು ಅದಕ್ಕೆ ಕರೆ ಬಂದಾಗ ಬಂದೂಕುಪಕ್ಷದವರು ಎರಡು ಡಾಲರಿನ ನೋಟು ಹಿಡಿದು ಕಾಫಿ ಕೊಳ್ಳಲು ಹೊರಟರು. ಆಯುಧದ ಹಕ್ಕನ್ನು ಸಾರುವ ಸಂವಿಧಾನದ ಎರಡನೆಯ ತಿದ್ದುಪಡಿಗೆ ಆ ನೋಟು ಸಂಕೇತವಂತೆ! ಸಂಸ್ಥೆಯ ಆದಾಯವೋ 2013ರ ಲೆಕ್ಕದ ವರ್ಷದಲ್ಲಿ ಶೇಕಡಾ 12ರಷ್ಟು ಏರಿತು. ನಷ್ಟಕ್ಕಂಜಿ ಮಣಿಯಿತೆಂಬುದು ಕಾಕತಾಳೀಯ ನ್ಯಾಯವಷ್ಟೆ.

ನಮ್ಮ ದೃಷ್ಟಿಯಲ್ಲಿ ನಿರ್ಣಾಯಕವಾದುದು ಮಿತ್ರರ ಒಲವು. 2013ರ ಆಗಸ್ಟ್ 9ನ್ನು ಬಂದೂಕುಪಕ್ಷದವರು ‘ಸ್ಟಾರ್‌ಬಕ್ಸ್ ಅಭಿನಂದನಾ ದಿನ’ವೆಂದು ಸಾರಿದರು. ಎಂಟು ತಿಂಗಳ ಹಿಂದೆ ಶಾಲೆಯೊಂದರಲ್ಲಿ 20 ಮಕ್ಕಳೂ 6 ಮಂದಿ ಹಿರಿಯರೂ ಗುಂಡಿಗೆ ಬಲಿಯಾಗಿದ್ದ ನ್ಯೂಟೌನಿನಲ್ಲಿಯೂ ಅದಕ್ಕೆ ಸಿದ್ಧತೆ ನಡೆಯಿತು. ಅಲ್ಲಿಯ ಅಂಗಡಿಯು ಅಂದು ಬೇಗನೆ ಬಾಗಿಲು ಹಾಕಿತು. ಆರು ವಾರಗಳೊಳಗೆ ಪತ್ರ ಹೊರಬಿದ್ದಿತು. ಇಂತಹ ದಿನಾಚರಣೆಗಳು ತಮ್ಮನ್ನು ಒಂದು ಪಕ್ಷದ ಸಮರ್ಥಕರೆಂದು ಸುಳ್ಳಾಗಿ ಬಿಂಬಿಸಿದುವೆಂಬ ಆಕ್ಷೇಪ ಅದರಲ್ಲಿಯೇ ಇದೆ. ಹಾಗೆಂದು ಬಹಿಷ್ಕಾರ ವ್ಯರ್ಥವೆನ್ನಲಾಗದು: ಅದು ಕೆಣಕದಿದ್ದಲ್ಲಿ ಆ ಅಭಿನಂದನೆ ಹುಟ್ಟುತ್ತಿತ್ತೆ?