ಬಡತನ ಕಂಡಿತು, ಕಾರಣ ಕಾಣಲಿಲ್ಲ

ಭಾರತದ ಬಡತನ ಕಂಡು ಮರುಗಿದ, ಮೂಗು ಮುರಿದ ಯುರೋಪಿನ ಪ್ರವಾಸಿಗರನ್ನು ನಾವು ಸಾಕಷ್ಟು ಓದಿದ್ದೇವೆ. ಭಾರತೀಯನೊಬ್ಬ ಯುರೋಪಿನ ಬಡತನವನ್ನು ಕಂಡು ಬರೆದದ್ದನ್ನು ಓದಿದವರು ಕಡಿಮೆ. ಲಕ್ನೋದ ಮಿರ್ಝಾ ಅಬೂತಾಲಿಬ್ ಖಾನ್‌ರ ಪಾರ್ಸಿ ಪ್ರವಾಸ ಕಥನ ‘ಮಸೀರೆ ತಾಲಿಬಿ’ ಅಂತಹ ಅಪರೂಪದ ಕೃತಿ.

1799ರಲ್ಲಿ ಕಲ್ಕತ್ತಾದಿಂದ ಹಡಗು ಹತ್ತಿದ ಮಿರ್ಝಾ, ವರ್ಷದ ಕೊನೆಗೆ ಐರ್ಲೆಂಡಿನ ಕಾರ್ಕ್ ತಲುಪಿ, ಅಲ್ಲಿಂದ ಡಬ್ಲಿನ್‌ಗೆ ಹೋದರು. ಬ್ರೆಡ್ಡಿನ ತುಂಡಿಗಾಗಿ ಗಾಡಿಯ ಜೊತೆ ಮೈಲುಗಟ್ಟಲೆ ಓಡುವ ಹುಡುಗರು, ಆಲೂಗಡ್ಡೆಯನ್ನೇ ನಂಬಿದ ಹೊಟ್ಟೆಗಳು, ಚಳಿಗೆ ಮೆಹಂದಿ ಹಚ್ಚಿದಂತೆ ಕೆಂಪಾದ ಬರಿಗಾಲುಗಳು, ಹಂದಿ-ಆಡುಗಳೊಂದಿಗೆ ಒಂದೇ ಸೂರಿನಡಿ ಮಲಗುವ ಕುಟುಂಬಗಳು ಅವರ ಕಣ್ಣಿಗೆ ಬಿದ್ದವು. ಇವರ ಮುಂದೆ ಭಾರತದ ರೈತನೇ ಶ್ರೀಮಂತ ಎನ್ನುತ್ತಾರವರು. ಆದರೂ ಐರಿಷರ ಧೈರ್ಯ, ಔದಾರ್ಯ, ಆತಿಥ್ಯಗಳನ್ನು ಮನಸಾರೆ ಹೊಗಳುತ್ತಾರೆ. ಬಡವನನ್ನು ಹೀನಾಯವಾಗಿ ಕಾಣದ ಈ ಗುಣ ಕೃತಿಯ ದೊಡ್ಡ ಬಲ.

ದೌರ್ಬಲ್ಯ ಇರುವುದು ಕಾರಣ ಹೇಳುವಲ್ಲಿ. ದವಸದ ದುಬಾರಿ ಬೆಲೆ ಮತ್ತು ಚಳಿಗೆ ಬೇಕಾದ ಬಟ್ಟೆ-ಉರುವಲು ಎಂದು ಅವರು ಎರಡು ಕಾರಣ ಕೊಡುತ್ತಾರೆ. ಭೂಮಿ ಯಾರದು, ಗೇಣಿ ಯಾರ ಕೈಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಆಗ ಬಹುಪಾಲು ಭೂಮಿ ಪ್ರೊಟೆಸ್ಟಂಟ್ ಜಮೀನುದಾರರದು. ಉಳುವವರು ಹೆಚ್ಚಾಗಿ ಕ್ಯಾಥೊಲಿಕರು. 1798ರ ದಂಗೆಯನ್ನು ಹತ್ತಿಕ್ಕಿ ವರ್ಷವಷ್ಟೇ ಕಳೆದಿತ್ತು. ಡಬ್ಲಿನ್‌ನಲ್ಲಿ ಮಿರ್ಝಾರನ್ನು ಆದರಿಸಿದ ವೈಸರಾಯ್ ಬೇರಾರೂ ಅಲ್ಲ, 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತು ಇಬ್ಬರು ಮಕ್ಕಳನ್ನು ಒತ್ತೆಯಿರಿಸಿಕೊಂಡ, ಮರುವರ್ಷ ಬಂಗಾಳಕ್ಕೆ ಖಾಯಂ ಜಮೀನ್ದಾರಿ ಹೇರಿದ ಕಾರ್ನ್‌ವಾಲಿಸ್! ಅವಧ್‌ನಲ್ಲಿ ಕಂದಾಯಾಧಿಕಾರಿಯಾಗಿದ್ದ ಮಿರ್ಝಾರಿಗೆ ವಸೂಲಿಯ ಬಿಸಿ ತಿಳಿಯದ್ದೇನಲ್ಲ. ಆದರೆ ಅತಿಥಿಗೆ ಆತಿಥೇಯನ ಅಧಿಕಾರ ಕಾಣದೆ ಹೋಗುವುದು ಹೊಸತೂ ಅಲ್ಲ.

ನಮ್ಮ ರೈತನೇ ಶ್ರೀಮಂತ ಎಂಬ ಮಾತನ್ನು ಹೆಕ್ಕಿ ನಾವು ಬೀಗಬೇಕಾಗಿಲ್ಲ. ಮಿರ್ಝಾರ ಕಾಲದಲ್ಲೇ, 1783-84ರಲ್ಲಿ, ಉತ್ತರ ಭಾರತ ಭೀಕರ ಬರಕ್ಕೆ ತುತ್ತಾಗಿತ್ತು.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ರೋಗ ತಗುಲಿತು. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಆಗಲೂ ಅಲ್ಲಿನ ಬಂದರುಗಳಿಂದ ದವಸ ಹೊರಗೆ ಹೋಗುತ್ತಲೇ ಇತ್ತು. ಆ ಸಾವುಗಳಿಗೆ ಚಳಿಯನ್ನು ದೂರುವಂತಿರಲಿಲ್ಲ. ಹಸಿದವನನ್ನು ನೋಡಿ ಮರುಗುವುದು ಮನುಷ್ಯತ್ವ; ಅವನ ಅನ್ನ ಎಲ್ಲಿಗೆ ಹೋಯಿತೆಂದು ಕೇಳುವುದು ನ್ಯಾಯ. ಮಿರ್ಝಾ ಮೊದಲನೆಯದನ್ನು ಮಾಡಿದರು. ಎರಡನೆಯದು ಓದುಗರಾದ ನಮ್ಮ ಪಾಲಿಗೆ ಉಳಿದಿದೆ.