ಸಾಪೇಕ್ಷತೆಗೆ ಒಂದು ಒಳ್ಳೆಯ ಪೂರ್ವಪಕ್ಷ

ಒಂದು ಸಿದ್ಧಾಂತದ ಯೋಗ್ಯತೆಯನ್ನು ಅದರ ಭಕ್ತರಿಂದ ಅಳೆಯುವುದಕ್ಕಿಂತ ಅದರ ವಿರೋಧಿಗಳಿಂದ ಅಳೆಯುವುದು ಮೇಲು. ಈ ಅಳತೆಗೋಲಿನಿಂದ ನೋಡಿದರೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಬಹಳ ಭಾಗ್ಯಶಾಲಿ. 1905ರಲ್ಲಿ ಅದರ ಮೊದಲ ಭಾಗ ಬಂತು. 1915ರಲ್ಲಿ ಗುರುತ್ವವನ್ನು ಕುರಿತ ಎರಡನೆಯ ಭಾಗ ಬಂತು. ಅಂದಿನಿಂದ ಇಂದಿನವರೆಗೆ ಅದನ್ನು ಬುಡಮೇಲು ಮಾಡಿದೆವೆಂದು ಹೇಳಿಕೊಂಡವರಲ್ಲಿ ತತ್ತ್ವಜ್ಞಾನಿಗಳಿದ್ದಾರೆ, ನ್ಯಾಯಾಧೀಶರಿದ್ದಾರೆ, ನೊಬೆಲ್ ಬಹುಮಾನ ಪಡೆದವರೂ ಇದ್ದಾರೆ. ನಮ್ಮ ರಾಜಾಜಿನಗರವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ.

ಬಡಾವಣೆಯ ಹಿರಿಯರೂ ನಿವೃತ್ತ ಇಂಜಿನಿಯರರೂ ಆದ ಒಬ್ಬರು ಸಾಪೇಕ್ಷತೆಯ ಖಂಡನೆಯನ್ನು ಕನ್ನಡದಲ್ಲಿ ಬರೆದು, ಭಾಷೆಯನ್ನು ತಿದ್ದಿಕೊಡಬೇಕೆಂದು ಹಸ್ತಪ್ರತಿಯನ್ನು ನನ್ನ ಕೈಗಿತ್ತಿದ್ದಾರೆ. ನಾನು ಕನ್ನಡದ ಅಧ್ಯಾಪಕ; ಭೌತಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ವಾದವನ್ನು ವಾದವಾಗಿ ಓದುವುದು, ಮಾತು ಎಲ್ಲಿ ಜಾರಿತೆಂದು ಗುರುತಿಸುವುದು ನನ್ನ ಕಸುಬಿಗೆ ಸೇರಿದ್ದು. ನಮ್ಮ ಶಾಸ್ತ್ರಕಾರರಲ್ಲಿ ಪೂರ್ವಪಕ್ಷವೆಂಬ ಒಂದು ಮರ್ಯಾದೆಯುಂಟು: ಎದುರಾಳಿಯ ಮತವನ್ನು, ಅವನೇ ಕೇಳಿದರೂ ‘ಹೌದು, ನಾನು ಹೇಳಿದ್ದು ಇದೇ’ ಎಂದು ಒಪ್ಪುವಂತೆ, ಮೊದಲು ಮಂಡಿಸಬೇಕು, ಖಂಡನೆ ಆಮೇಲೆ. ಈ ಒರೆಗಲ್ಲಿಗೆ ಹಸ್ತಪ್ರತಿಯನ್ನೂ ಅದರ ಪ್ರಸಿದ್ಧ ಬಂಧುಗಳನ್ನೂ ಉಜ್ಜಿ ನೋಡುವುದು ಅನುಚಿತವಾಗಲಾರದು.

ಹಸ್ತಪ್ರತಿಯ ಮೊದಲ ಆಕ್ಷೇಪ ಎಲ್ಲರಿಗೂ ಪರಿಚಿತವಾದುದು. ಎಲ್ಲವೂ ಸಾಪೇಕ್ಷವೆಂದ ಮೇಲೆ ಸತ್ಯವೆಂಬುದೇ ಇಲ್ಲವಾಯಿತು. ಸತ್ಯವಿಲ್ಲದ ಮೇಲೆ ಧರ್ಮವೆಲ್ಲಿಯದು? ಇಲ್ಲಿ ತಪ್ಪು ಭೌತಶಾಸ್ತ್ರದ್ದಲ್ಲ, ಶಬ್ದದ್ದು. ಸಂಸ್ಕೃತದ ಶಾಸ್ತ್ರಗ್ರಂಥಗಳಲ್ಲಿ ‘ಅಪೇಕ್ಷೆ’ ಎಂದರೆ ಒಂದು ಇನ್ನೊಂದನ್ನು ಅವಲಂಬಿಸಿರುವುದು. ಕನ್ನಡದ ಬಳಕೆಯಲ್ಲಿ ಅದು ಆಸೆ, ಬಯಕೆ. ಹೀಗಾಗಿ ‘ಸಾಪೇಕ್ಷ’ ಎಂದೊಡನೆ ನಮ್ಮ ಕಿವಿಗೆ ‘ಅವರವರಿಗೆ ಬೇಕಾದಂತೆ’ ಎಂಬ ಧ್ವನಿ ಕೇಳಿಸುತ್ತದೆ. ಸಿದ್ಧಾಂತ ಹೇಳುವುದೋ ಇದಕ್ಕೆ ತದ್ವಿರುದ್ಧ. ನೋಡುವವರು ಯಾರೇ ಆಗಲಿ, ಎಷ್ಟೇ ವೇಗದಲ್ಲಿ ಹೋಗುತ್ತಿರಲಿ, ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರೇ. ನಿಸರ್ಗದ ನಿಯಮಗಳೂ ಎಲ್ಲರಿಗೂ ಒಂದೇ. ಈ ಸಮಾನತೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಉದ್ದ, ಕಾಲ ಮೊದಲಾದವು ನೋಡುವವನಿಗೆ ತಕ್ಕಂತೆ ಬಾಗಬೇಕಾಯಿತು. ಅಂದರೆ ಇದು ಬದಲಾಗದುದನ್ನು ಹುಡುಕುವ ಶಾಸ್ತ್ರ. ಹೆಸರನ್ನು ಖಂಡಿಸಿ ಸಿದ್ಧಾಂತವನ್ನು ಖಂಡಿಸಿದೆನೆಂದು ತಿಳಿಯುವುದು ಪೂರ್ವಪಕ್ಷವಾಗುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಓಡುತ್ತಿರುವ ಗಡಿಯಾರ ನಿಧಾನವಾಗುತ್ತದೆ ಎನ್ನುತ್ತೀರಿ. ಆದರೆ ಯಾವುದು ಓಡುತ್ತಿದೆ ಎಂಬುದೂ ಸಾಪೇಕ್ಷವೆನ್ನುತ್ತೀರಿ. ಹಾಗಾದರೆ ಎರಡು ಗಡಿಯಾರಗಳು ಒಂದಕ್ಕಿಂತ ಒಂದು ನಿಧಾನವಾಗುವುದು ಹೇಗೆ? ಈ ಪ್ರಶ್ನೆಯನ್ನು ಕೇಳಿದವರು ಸಾಮಾನ್ಯರಲ್ಲ. ಇಂಗ್ಲೆಂಡಿನ ಹರ್ಬರ್ಟ್ ಡಿಂಗಲ್ 1922ರಲ್ಲಿ ಸಾಪೇಕ್ಷತೆಯನ್ನು ಜನಸಾಮಾನ್ಯರಿಗೆ ವಿವರಿಸುವ ಪುಸ್ತಕವನ್ನೇ ಬರೆದವರು. 1951ರಿಂದ 1953ರವರೆಗೆ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಅಧ್ಯಕ್ಷರು. ಕೊನೆಗಾಲದಲ್ಲಿ ಅವರು ಸಿದ್ಧಾಂತದ ಕಡು ವಿರೋಧಿಯಾಗಿ, ತಮ್ಮ ಪ್ರಶ್ನೆಗೆ ಯಾರೂ ಉತ್ತರ ಕೊಡುತ್ತಿಲ್ಲವೆಂದು 1972ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಉತ್ತರ ಇಲ್ಲದೆ ಇರಲಿಲ್ಲ. ದೂರದೂರ ನಿಂತ ಇಬ್ಬರು ಒಬ್ಬರಿಗೊಬ್ಬರು ಚಿಕ್ಕದಾಗಿ ಕಾಣುವರು. ಇದರಲ್ಲಿ ವಿರೋಧವೇನೂ ಇಲ್ಲ. ವಿರೋಧ ಬರುವುದು ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ಅಳೆದಾಗ. ಗಡಿಯಾರಗಳನ್ನು ಹಾಗೆ ಪಕ್ಕಕ್ಕೆ ತರಬೇಕಾದರೆ ಒಂದು ಹೊರಳಿ ಹಿಂದಕ್ಕೆ ಬರಲೇಬೇಕು. ಬೆಂಗಳೂರು ನಿಲ್ದಾಣದಲ್ಲಿ ಮೈಸೂರಿನ ಗಾಡಿಯಲ್ಲಿ ಕುಳಿತವನಿಗೆ ಪಕ್ಕದ ಗಾಡಿ ಹೊರಟರೆ ತನ್ನದೇ ಹೊರಟಂತೆ ಭ್ರಮೆಯಾಗಬಹುದು. ಆದರೆ ಬ್ರೇಕು ಬಿದ್ದಾಗ ಮುಗ್ಗರಿಸಿದವನು ಯಾರೆಂಬುದರಲ್ಲಿ ಭ್ರಮೆಗೆ ಎಡೆಯಿಲ್ಲ. ಹಾಗೆ ಹೊರಳಿ ಬಂದವನ ಸ್ಥಿತಿಯೂ ಮನೆಯಲ್ಲೇ ಇದ್ದವನ ಸ್ಥಿತಿಯೂ ಒಂದೇ ಅಲ್ಲ. ಹೊರಳಿ ಬಂದವನಿಗೆ ವಯಸ್ಸು ಕಡಿಮೆ. 1971ರ ಅಕ್ಟೋಬರಿನಲ್ಲಿ ಹಾಫೆಲೆ, ಕೀಟಿಂಗ್ ಎಂಬ ಇಬ್ಬರು ಅಮೆರಿಕನ್ನರು ಪರಮಾಣು ಗಡಿಯಾರಗಳನ್ನು ಸಾಧಾರಣ ವಿಮಾನಗಳಲ್ಲಿ ಭೂಮಿಯ ಸುತ್ತ ಒಯ್ದರು. ನೆಲದ ಗಡಿಯಾರಗಳಿಗೆ ಹೋಲಿಸಿದರೆ, ಪೂರ್ವಕ್ಕೆ ಸುತ್ತಿದವು ಸೆಕೆಂಡಿನ ನೂರು ಕೋಟಿಯಲ್ಲಿ 59 ಭಾಗದಷ್ಟು ಹಿಂದೆ ಬಿದ್ದವು. ಪಶ್ಚಿಮಕ್ಕೆ ಸುತ್ತಿದವು 273 ಭಾಗದಷ್ಟು ಮುಂದೆ ಹೋದವು. ವೇಗ, ಎತ್ತರ ಎರಡರ ಪರಿಣಾಮವನ್ನೂ ಸೇರಿಸಿ ಸಿದ್ಧಾಂತ ಹೇಳಿದ್ದ ಲೆಕ್ಕಕ್ಕೆ ಇದು ಹೊಂದಿತು. ಡಿಂಗಲ್ಲರ ದುರಂತ ಅವರ ಪ್ರಶ್ನೆಯಲ್ಲಿರಲಿಲ್ಲ, ಉತ್ತರವನ್ನು ಉತ್ತರವೆಂದು ಗುರುತಿಸಲಾರದೆ ಹೋದುದರಲ್ಲಿತ್ತು.

ಮೂರನೆಯದು ಆಕ್ಷೇಪವಲ್ಲ, ಆಪಾದನೆ. ಪಂಡಿತರೆಲ್ಲ ಕೂಡಿ ಸತ್ಯವನ್ನು ಮುಚ್ಚಿಟ್ಟಿದ್ದಾರೆ, ವಿರೋಧಿಗೆ ಬಾಯಿ ತೆರೆಯಲು ಬಿಡುವುದಿಲ್ಲ ಎಂಬುದು. ಈ ರಾಗದ ಪೂರ್ವಚರಿತ್ರೆ ಒಳ್ಳೆಯದಲ್ಲ. 1920ರ ಆಗಸ್ಟಿನಲ್ಲಿ ಬರ್ಲಿನ್ನಿನ ಸಂಗೀತ ಸಭಾಂಗಣದಲ್ಲಿ ಸಾಪೇಕ್ಷತೆಯ ಖಂಡನೆಗೆಂದೇ ಸಭೆ ಸೇರಿತು. 1931ರಲ್ಲಿ ನೂರು ಲೇಖಕರ ಹೆಸರು ಹೊತ್ತ ಖಂಡನಗ್ರಂಥ ಲೈಪ್‌ಜಿಗ್‌ನಿಂದ ಬಂತು. ನೊಬೆಲ್ ವಿಜೇತ ಲೆನಾರ್ಡ್ ಕೊನೆಗೆ ಸಿದ್ಧಾಂತವನ್ನು ಬಿಟ್ಟು ಅದನ್ನು ಹೇಳಿದವನ ಯೆಹೂದಿ ಜನ್ಮವನ್ನೇ ಹಿಡಿದುಕೊಂಡರು. ವಾದ ಮುಗಿದಲ್ಲಿ ಜಾತಿ ಮೊದಲಾಗುತ್ತದೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವಿರೋಧಿಗೆ ಬಾಯಿಯಿಲ್ಲವೆಂಬ ಮಾತೂ ನಿಜವಲ್ಲ. ನಮ್ಮ ದೇಶದ್ದೇ ನಿದರ್ಶನವಿದೆ. ಅಲಹಾಬಾದು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಷಾ ಮಹಮ್ಮದ್ ಸುಲೈಮಾನರು 1934ರಿಂದ ಐನ್‌ಸ್ಟೈನರಿಗೆ ಪ್ರತಿಯಾಗಿ ತಮ್ಮದೇ ಹೊಸ ಸಾಪೇಕ್ಷತೆಯನ್ನು ಪ್ರಕಟಿಸಿದರು. ವಿಜ್ಞಾನಪತ್ರಿಕೆ ಅದನ್ನು ಅಚ್ಚುಹಾಕಿತು. ಸೂರ್ಯನ ಬಳಿ ಹಾಯುವ ನಕ್ಷತ್ರದ ಬೆಳಕು 1.75 ಸೆಕೆಂಡು ಕೋನದಷ್ಟು ಬಾಗುತ್ತದೆಂಬುದು ಐನ್‌ಸ್ಟೈನರ ಲೆಕ್ಕ. ಅದಕ್ಕಿಂತ ಹೆಚ್ಚು ಬಾಗಬೇಕೆಂದು ಸುಲೈಮಾನರು ತಮ್ಮ ಸಂಖ್ಯೆಯನ್ನು ಮುಂದಿಟ್ಟು, ಗ್ರಹಣವನ್ನೇ ಸಾಕ್ಷಿಗೆ ಕರೆದರು. 1936ರ ಜೂನ್ ಗ್ರಹಣದಲ್ಲಿ ರಷ್ಯದ ವೀಕ್ಷಕರಿಗೆ ದೊರೆತ ಅಳತೆಯೂ ಐನ್‌ಸ್ಟೈನರದಕ್ಕಿಂತ ಹೆಚ್ಚೇ ಇತ್ತು. ಆದರೆ ಗ್ರಹಣದ ಅಳತೆಗಳು ಬಹಳ ಒರಟು. ಮುಂದೆ ರೇಡಿಯೋ ದೂರದರ್ಶಕಗಳು ಬಂದಾಗ ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸವೂ ಇಲ್ಲದೆ ಐನ್‌ಸ್ಟೈನರ ಸಂಖ್ಯೆಯೇ ನಿಂತಿತು. ಸುಲೈಮಾನರು ಸೋತರು, ಆದರೆ ಎಲ್ಲಿ ಸೋಲಬಹುದೆಂಬುದನ್ನು ತಾವೇ ತೋರಿಸಿ ಸೋತರು. ಇದು ನಿಜವಾದ ಪೂರ್ವಪಕ್ಷಿಯ ಲಕ್ಷಣ. ನಮ್ಮ ಹಸ್ತಪ್ರತಿಯಲ್ಲಿ ಇಂಥ ಒಂದು ಸಂಖ್ಯೆಯೂ ಇಲ್ಲ.

ಸಂಖ್ಯೆಯ ಪರೀಕ್ಷೆ ಈಗ ನಮ್ಮ ಹಿತ್ತಲಿಗೇ ಬಂದಿದೆ. ಕೆಂಗೇರಿಯನ್ನು ದಾಟಿ ಪಶ್ಚಿಮಕ್ಕೆ ಹೋದರೆ ಬ್ಯಾಲಾಳು ಸಿಗುತ್ತದೆ. ಅಲ್ಲಿ 2013ರಲ್ಲಿ ಇಸ್ರೋ ಸಂಸ್ಥೆಯ ಪಥದರ್ಶಕ ಕೇಂದ್ರ ಆರಂಭವಾಯಿತು. ನಾವಿಕ್ ಉಪಗ್ರಹಗಳ ಕಾಲವನ್ನು ಕಾಯುವ ಕೆಲಸ ಅದರದು. ಇಂಥ ಉಪಗ್ರಹಗಳಲ್ಲಿ ಹಳೆಯದಾದ ಅಮೆರಿಕದ ಜಿಪಿಎಸ್‌ನ ಲೆಕ್ಕ ಪ್ರಸಿದ್ಧವಾದುದು: ಮೇಲಿನ ಗಡಿಯಾರ ಗುರುತ್ವ ಕಡಿಮೆಯಾದುದರಿಂದ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ 45 ಭಾಗ ಮುಂದೆ ಹೋಗುತ್ತದೆ, ವೇಗದಿಂದಾಗಿ 7 ಭಾಗ ಹಿಂದೆ ಬೀಳುತ್ತದೆ. ಉಳಿದ 38 ಭಾಗವನ್ನು ಸರಿಪಡಿಸಬೇಕು. ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರು ಹೋಗುತ್ತದೆ. ವಿಜಯನಗರಕ್ಕೆ ಹೊರಟ ಆಟೋ ತನ್ನ ಫೋನಿನ ನಕ್ಷೆಯನ್ನು ನಂಬಿ ಸರಿಯಾದ ಅಡ್ಡರಸ್ತೆಗೆ ತಿರುಗುವುದರ ಹಿಂದೆ ಈ ತಿದ್ದುಪಡಿಯಿದೆ.

ಹಾಗೆಂದು ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಭಕ್ತರ ಪಕ್ಷವೂ ನನ್ನದಲ್ಲ. ದೊಡ್ಡವರ ಅಧಿಕಾರವಾಣಿಯೂ ತಪ್ಪಬಹುದು. 1935ರ ಜನವರಿಯಲ್ಲಿ ಲಂಡನ್ನಿನ ಸಭೆಯಲ್ಲಿ ತರುಣ ಚಂದ್ರಶೇಖರರು ಭಾರವಾದ ನಕ್ಷತ್ರ ತನ್ನ ಮೇಲೆ ತಾನೇ ಕುಸಿಯುವ ಸೂಚನೆ ಕೊಟ್ಟಾಗ, ಅದನ್ನು ಅಸಂಬದ್ಧವೆಂದು ತಳ್ಳಿದವರು ಸಾಪೇಕ್ಷತೆಯ ಮಹಾಪ್ರಚಾರಕ ಎಡಿಂಗ್‌ಟನ್ನರೇ. ಸಿದ್ಧಾಂತಕ್ಕೆ ಒಳಗಿನಿಂದಲೇ ಕಠಿಣ ಪ್ರಶ್ನೆ ಹಾಕುವವರು ಬೇಕು. ಕನ್ನಡ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ ಸಿ. ವಿ. ವಿಶ್ವೇಶ್ವರ ಅಂಥವರು. ಕಪ್ಪುಕುಳಿಯೆಂಬುದು ಇರುವುದಾದರೆ ಅದನ್ನು ಅಲುಗಿಸಿದಾಗ ನಿಲ್ಲುತ್ತದೆಯೋ ಚೆದರುತ್ತದೆಯೋ ಎಂದು ಕೇಳಿದರು. ನಿಲ್ಲುತ್ತದೆ, ಬಾರಿಸಿದ ಗಂಟೆಯಂತೆ ಮಿಡಿದು ಆ ಮಿಡಿತ ಅಡಗುತ್ತದೆ ಎಂದು 1970ರಲ್ಲಿ ಪ್ರಕಟಿಸಿದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಹಿಡಿದ ಗುರುತ್ವದ ಅಲೆ ಕೊನೆಯಲ್ಲಿ ಹಾಗೆಯೇ ಅಡಗಿತು. ಬೆಂಗಳೂರಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದ ಅವರು 2017ರಲ್ಲಿ ತೀರಿಕೊಳ್ಳುವ ಮೊದಲು ಈ ಸುದ್ದಿಯನ್ನು ಕೇಳಿದರೆಂಬುದು ಸಂತೋಷದ ಸಂಗತಿ.

ಹಸ್ತಪ್ರತಿಯ ಭಾಷೆಯಲ್ಲಿ ತಿದ್ದಬೇಕಾದುದು ಹೆಚ್ಚಿಲ್ಲ. ವಾಕ್ಯಗಳು ಶುದ್ಧವಾಗಿವೆ, ಕೋಪವೂ ಪ್ರಾಮಾಣಿಕವಾಗಿದೆ. ಇಂಗ್ಲಿಷಿನಲ್ಲಿ ನೂರು ಸಲ ಉತ್ತರ ಪಡೆದ ಪ್ರಶ್ನೆಯನ್ನು ಕನ್ನಡದಲ್ಲಿ ಒಬ್ಬ ಬುದ್ಧಿವಂತ ಹಿರಿಯರು ಹೊಸದೆಂದು ಕೇಳುತ್ತಿದ್ದಾರೆಂದರೆ, ಆ ಉತ್ತರ ಅವರ ಭಾಷೆಯಲ್ಲಿ ಅವರ ಮನೆಯವರೆಗೆ ತಲುಪಲಿಲ್ಲವೆಂದು ಅರ್ಥ. ಜಿ. ಟಿ. ನಾರಾಯಣ ರಾಯರಂಥ ಕೆಲವರು ಹೊರತು ನಮ್ಮ ವಿದ್ವಾಂಸರು ಈ ಹೊಣೆಯನ್ನು ಹೊತ್ತದ್ದು ಕಡಿಮೆ. ಆಕ್ಷೇಪಿಸುವವನನ್ನು ನೋಡಿ ನಗುವುದು ಸುಲಭ. ಅವನ ಪ್ರಶ್ನೆಯನ್ನು ಅವನಿಗಿಂತ ಚೆನ್ನಾಗಿ ಕೇಳಿ, ಆಮೇಲೆ ಉತ್ತರಿಸುವ ಪುಸ್ತಕ ಕನ್ನಡಕ್ಕೆ ಬೇಕಾಗಿದೆ.