ಪ್ಲಸ್ ಗುರುತಲ್ಲ, ಅಳತೆಪಟ್ಟಿ

ನಮ್ಮ ಸಿನಿಮಾ, ವೆಬ್ ಸೀರೀಸುಗಳಲ್ಲಿ ಸ್ನೈಪರ್ ಬಂದ ಅಂದ್ರೆ ಮುಂದಿನದು ನಿಮಗೇ ಗೊತ್ತು. ಪರದೆ ಕಪ್ಪಾಗುತ್ತೆ, ನಡುವೆ ದುಂಡನೆಯ ಕಿಂಡಿ, ಅದರೊಳಗೊಂದು ಪ್ಲಸ್ ಗುರುತು. ಅದು ವಿಲನ್ ಹಣೆ ಮೇಲೆ ನಿಂತಿತೋ, ಢಂ, ಕಥೆ ಮುಗೀತು. 200 ಮೀಟರ್ ಆದ್ರೂ ಅಷ್ಟೇ, 1000 ಮೀಟರ್ ಆದ್ರೂ ಅಷ್ಟೇ. ಗುಂಡು ಕೆಳಗಿಳಿಯೋದಿಲ್ಲ, ಗಾಳಿ ಬೀಸೋದಿಲ್ಲ.

ತಾಂತ್ರಿಕ ತಪ್ಪು ಅಂತ ನಕ್ಕು ಬಿಡಬಹುದು. ನನ್ನ ತಕರಾರು ಬೇರೆ: ಅಳತೆಪಟ್ಟಿಯ ಗೀಟುಗಳನ್ನ ಒರೆಸಿಹಾಕಿ, ಅದನ್ನ ಬರೀ ರಬ್ಬರ್ ಸ್ಟ್ಯಾಂಪ್ ಮಾಡಿಬಿಟ್ಟಿದ್ದಾರೆ.

ಸ್ಕೋಪಿನೊಳಗಿನ ಆ ಗೆರೆಗಳಿಗೆ ರೆಟಿಕಲ್ ಅಂತಾರೆ. ಅದು ಅಳೆಯೋದು ಸೆಂಟಿಮೀಟರನ್ನಲ್ಲ, ಕೋನವನ್ನ. ಬಳ್ಳಾರಿಯಿಂದ ಕುರುಗೋಡಿಗೆ ಹೋಗುವಾಗ ರಸ್ತೆ ಪಕ್ಕದ ಸಣ್ಣ ಬಂಡೆ ದೂರದ ದೊಡ್ಡ ಗುಡ್ಡವನ್ನೇ ಮರೆಮಾಡುತ್ತಲ್ಲ, ಅದು ಕೋನದ ಆಟ. ಕಣ್ಣಿಗೆ ಎರಡೂ ಒಂದೇ ಅಳತೆ, ದೂರ ಮಾತ್ರ ಬೇರೆ.

ಚಾಲ್ತಿಯಲ್ಲಿರೋ ಮಾನಗಳು ಎರಡು. ಒಂದು ಡಿಗ್ರಿಯ 60ನೇ ಒಂದು ಪಾಲು ಎಂಒಎ, ಅಂದ್ರೆ ಮಿನಿಟ್ ಆಫ್ ಆಂಗಲ್. 100 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್. ಇನ್ನೊಂದು ಮಿಲ್, ಅಂದ್ರೆ ರೇಡಿಯನ್ನಿನ ಸಾವಿರದ ಒಂದು ಪಾಲು; 100 ಮೀಟರಿನಲ್ಲಿ 10 ಸೆಂಟಿಮೀಟರ್, 1000 ಮೀಟರಿನಲ್ಲಿ ಸರಿಯಾಗಿ 1 ಮೀಟರ್. ಒಂದು ಮಿಲ್ಲಿಗೆ ಹತ್ತಿರ ಹತ್ತಿರ 3.44 ಎಂಒಎ. ಯಾವುದು ಮೇಲು ಅನ್ನೋ ಜಗಳ ಬೇಡ. ಗೆರೆಯೂ ತಿರುಗಿಸೋ ಗುಂಡಿಯೂ ಒಂದೇ ಮಾನದಲ್ಲಿದ್ದರೆ ಸಾಕು.

ಸಿರುಗುಪ್ಪದ ಭತ್ತದ ಬಯಲಲ್ಲಿ 8 ಮೀಟರ್ ಎತ್ತರದ ಕರೆಂಟ್ ಕಂಬ ಇದೆ ಅಂತಿಟ್ಕೊಳ್ಳಿ. ಮಿಲ್ ಗೆರೆ ಇರೋ ಬೈನಾಕ್ಯುಲರಲ್ಲಿ ಅದು 8 ಮಿಲ್ ಕಂಡರೆ ನೀವು 1000 ಮೀಟರ್ ದೂರದಲ್ಲಿದ್ದೀರಿ. 16 ಮಿಲ್ ಕಂಡರೆ 500. ಎತ್ತರವನ್ನ ಸಾವಿರದಿಂದ ಗುಣಿಸಿ, ಮಿಲ್ಲಿನಿಂದ ಭಾಗಿಸಿ, ಅಷ್ಟೇ ಲೆಕ್ಕ. ಆದ್ರೆ ಕಂಬದ ಎತ್ತರ ಗೊತ್ತಿಲ್ಲದಿದ್ದರೆ ಗೆರೆ ಏನೂ ಹೇಳೋದಿಲ್ಲ. ಕೋನ ಅನ್ನೋದು ಅರ್ಧ ವಾಕ್ಯ.

ಈ ಅರ್ಧವನ್ನ ಅರಿತ ಸಿನಿಮಾ ಒಂದಿದೆ. 1973ರ 'ದ ಡೇ ಆಫ್ ದ ಜಾಕಲ್'ನಲ್ಲಿ ಕೊಲೆಗಾರ ಕಾಡಿನ ಮರಕ್ಕೆ ಒಂದು ಕಲ್ಲಂಗಡಿ ತೂಗುಹಾಕಿ ಗುಂಡು ಹಾರಿಸುತ್ತಾನೆ. ಕೊಂಚ ಆಚೆ ಬೀಳುತ್ತೆ. ಸ್ಕೋಪ್ ತಿದ್ದಿ ಮತ್ತೆ ಹಾರಿಸುತ್ತಾನೆ, ಮತ್ತೆ ತಿದ್ದುತ್ತಾನೆ. ಕೊನೆಗೆ ಹಣ್ಣು ಸಿಡಿದಾಗ ನಮ್ಮ ಬೆನ್ನಲ್ಲಿ ಚಳಿ ಏಳುತ್ತೆ. ಆ ಭಯ ಬಂದೂಕಿನದಲ್ಲ, ಆ ತಾಳ್ಮೆಯದು. ಕೊಲೆ ಅನ್ನೋದು ಆವೇಶದಲ್ಲಿ ಅಲ್ಲ, ಲೆಕ್ಕ ಹಾಕಿ ಮಾಡೋ ಕೆಲಸ ಅಂತ ಆ ಸ್ಕೋಪು ತೋರಿಸಿಕೊಡುತ್ತೆ. ನಮ್ಮವರು ಲೆಕ್ಕ ಕತ್ತರಿಸಿದಾಗ ಜತೆಗೆ ಹೋಗೋದು ಇದೇ: ಕೊಲ್ಲುವವನ ಹೊಣೆ.

ದೂರ, ಎತ್ತರ ಎರಡನ್ನೂ ನಾಟಕವಾಗಿಸೋಕೆ ನಮಗೇನು ಸಾಮಗ್ರಿ ಕಮ್ಮಿಯೇ? ಬಳ್ಳಾರಿ ಕೋಟೆಯನ್ನ ಹೈದರಾಲಿಗಾಗಿ ಕಟ್ಟಿದ ಫ್ರೆಂಚ್ ಎಂಜಿನಿಯರನ ಕಥೆ ಊರಿಗೇ ಗೊತ್ತು. ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಕಟ್ಟಿ ಮುಗಿದ ಮೇಲೆ ತಿಳಿದು, ಹೈದರ್ ಅವನನ್ನ ಗಲ್ಲಿಗೇರಿಸಿದನಂತೆ. ನಿಜವೋ ಸುಳ್ಳೋ, ಕಥೆ ಕಟ್ಟಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಅಳತೆ ತಪ್ಪಿದರೆ ಯಾರೋ ಒಬ್ಬರು ಬೆಲೆ ತೆರಬೇಕು. ನಮ್ಮ ಸ್ನೈಪರ್ ಸೀನುಗಳಲ್ಲಿ ಯಾರೂ ತಪ್ಪೋದೇ ಇಲ್ಲ. ಅದಕ್ಕೇ ಒಂದೂ ನೆನಪಲ್ಲಿ ಉಳಿಯೋದಿಲ್ಲ.